ಮುಚ್ಚಿದ ಕಿರುಬಾಗಿಲು

ಇಟಲಿಯ ಒಂದು ಹಳೆಯ ಗುಡ್ಡದೂರಿನ ಬೀದಿಯಲ್ಲಿ ಗುರು ಮತ್ತು ಶಿಷ್ಯೆ ನಡೆಯುತ್ತಿದ್ದರು.

ಗುರು ಸಿದ್ದವ್ವ ತಾಯಿ, ಧಾರವಾಡದ ಕಡೆಯವರು. ಇಟಲಿಯ ಯೋಗ ಕೇಂದ್ರದವರು ಪ್ರವಚನಕ್ಕೆ ಕರೆಸಿದ್ದರು. ಶಿಷ್ಯೆ ವೇದವತಿ ಮೈಸೂರಿನವಳು; ಅವ್ವನ ಮಾತನ್ನು ಇಂಗ್ಲಿಷಿಗೆ ತಿರುಗಿಸುವುದು ಅವಳ ಕೆಲಸ.

ಕಾರು ನುಗ್ಗದ ಓಣಿಯಂಥ ಬೀದಿ. ಎರಡೂ ಕಡೆ ಬೂದುಗಲ್ಲಿನ ಎತ್ತರದ ಮನೆಗಳು. ಮಧ್ಯಾಹ್ನವಾದರೂ ಬಿಸಿಲು ಕಲ್ಲುಹಾಸಿಗೆ ಇಳಿದಿರಲಿಲ್ಲ.

"ಇವತ್ತಾದರೂ ಹೇಳಿ ಅವ್ವಾ. ನನಗೆ ಕಾವಿ ಯಾವಾಗ ಕೊಡ್ತೀರಿ?"

"ಮಗಳು ಏನಂತಾಳ?"

"ಅವಳದ್ದು ಒಂದೇ ಪಾಠ. ಹಾಸ್ಟೆಲ್ ಸಾಕು, ರಜೆಗೆ ನಮ್ಮ ಮನೆಗೇ ಹೋಗೋಣ ಅಂತ. ನಾನು ಕಾವಿ ಉಟ್ಟರೆ ಕೇಳೋದು ನಿಲ್ಲಿಸ್ತಾಳೆ."

ಸಿದ್ದವ್ವ ಮುಂದೆ ನಡೆದರು. ಏರು ಹತ್ತುವಾಗ ಅವರು ಮಾತಾಡುವವರಲ್ಲ.

ವೇದವತಿಯ ಗಂಡ ತೀರಿಕೊಂಡಾಗ ಪುರೋಹಿತರು, ನಕ್ಷತ್ರ ಒಳ್ಳೆಯದಲ್ಲ, ಆರು ತಿಂಗಳು ಮನೆ ಬಿಡಿ ಎಂದಿದ್ದರು. ಬಿಟ್ಟಳು. ಆರು ತಿಂಗಳು ಮುಗಿದ ಮೇಲೂ ಬೀಗ ತೆಗೆಯಲಿಲ್ಲ. ವರ್ಷಗಳೇ ಕಳೆದವು.

ಒಂದು ಮನೆಯ ಮುಂದೆ ಅವಳು ನಿಂತಳು. ದೊಡ್ಡ ಬಾಗಿಲ ಪಕ್ಕದಲ್ಲಿ ಇನ್ನೊಂದು ಬಾಗಿಲಿನ ಗುರುತು. ತೀರಾ ಕಿರಿದು. ಕಲ್ಲು ಜೋಡಿಸಿ ಮುಚ್ಚಿಬಿಟ್ಟಿದ್ದರು. ಗೋಡೆಯ ಮೇಲೆ ಪ್ರವಾಸಿಗರಿಗಾಗಿ ಒಂದು ಫಲಕ.

ಓದಿ ಹೇಳಿದಳು: "ಇದು ಸತ್ತವರ ಬಾಗಿಲಂತೆ. ಹೆಣ ಇಲ್ಲಿಂದ ಹೊರಗೆ ಹೋಗ್ತಿತ್ತಂತೆ. ಆಮೇಲೆ ಕಲ್ಲಿಟ್ಟು ಮುಚ್ಚೋರಂತೆ, ಸಾವು ವಾಪಸ್ ಬರಬಾರದು ಅಂತ." ಅವಳು ಆ ಕಲ್ಲುಗಳನ್ನು ಮುಟ್ಟಿದಳು. "ನೋಡಿ ಅವ್ವಾ, ನಾನೂ ಇದನ್ನೇ ಮಾಡಿದ್ದು."

"ಹೌದೇನು?" ಎಂದು ಸಿದ್ದವ್ವ ದೊಡ್ಡ ಬಾಗಿಲು ಬಡಿದೇಬಿಟ್ಟರು.

"ಅಯ್ಯೋ! ಗುರುತಿಲ್ಲ, ಪರಿಚಯವಿಲ್ಲ..."

"ನೀರು ಕೇಳಾಕ ಗುರುತು ಯಾಕ ಬೇಕು?"

ತೆರೆದವಳು ಕಪ್ಪು ಉಡುಪಿನ ಮುದುಕಿ, ಒರ್ನೆಲ್ಲಾ. ಅವಳಿಗೆ ಹರುಕುಮುರುಕು ಇಂಗ್ಲಿಷು ಬರುತ್ತಿತ್ತು. ಕಾವಿ ಸೀರೆಯನ್ನು ಮೇಲಿಂದ ಕೆಳಗೆ ನೋಡಿ ಅಡುಗೆಮನೆಗೆ ಕರೆದಳು, ನೀರು ಕೊಟ್ಟಳು.

"ಆ ಮುಚ್ಚಿದ ಬಾಗಿಲ ಹಿಂದ ಏನೈತಿ, ಕೇಳು," ಎಂದರು ಸಿದ್ದವ್ವ.

ವೇದವತಿ ಹಿಂಜರಿಯುತ್ತಲೇ ಕೇಳಿದಳು.

"ಫ್ರಿಜ್ಜು," ಎಂದಳು ಒರ್ನೆಲ್ಲಾ. "ಬಂದವರೆಲ್ಲ ಫೋಟೋ ತೆಗೀತಾರೆ. ನನ್ನ ಫ್ರಿಜ್ಜಿನ ಬೆನ್ನಿನ ಫೋಟೋ."

"ನಿಮ್ಮ ಮನೆಯವರು?" ಎಂದಳು ವೇದವತಿ.

"ಹೋದ ಚಳಿಗಾಲ ಹೋದ. ಈ ದೊಡ್ಡ ಬಾಗಿಲಿಂದಲೇ, ಬೇರೆ ಎಲ್ಲಿಂದ? ಅದಾದ ಮುಂದಿನ ವಾರ ಹೊಸ ಒಲೆ ಬಂತು. ಅದೂ ಇಲ್ಲಿಂದಲೇ."

ಅವಳು ಒಲೆಯ ಕಡೆ ತಿರುಗಿದಳು. ಮೇಜಿನ ಮೇಲೆ ಒಂದೇ ತಟ್ಟೆ ಇತ್ತು.

ಮತ್ತೆ ಬೀದಿಗೆ ಬಂದರು. ಯಾರೂ ಇರಲಿಲ್ಲ.

"ಇವರು ಸತ್ತೋರ ಬಾಗಿಲು ಮುಚ್ಚಿದರು. ನೀ ಯಾವುದು ಮುಚ್ಚಿದಿ?"

ವೇದವತಿ ಮುಚ್ಚಿದ ಕಿರುಬಾಗಿಲನ್ನೂ ದೊಡ್ಡ ಬಾಗಿಲನ್ನೂ ನೋಡಿದಳು. "ನಮ್ಮ ಮನೆಗೆ ಇದ್ದದ್ದೇ ಒಂದು ಬಾಗಿಲು, ಅವ್ವಾ."

"ಹೂಂ."

"ಮೊದಲು ಕಾವಿ ಕೊಡಿ. ಧೈರ್ಯ ಬಂದ ಮೇಲೆ ತೆಗೀತೀನಿ."

"ಮನಿ ಬಿಟ್ಟು ಬಂದೋರಿಗೆ ಕಾವಿ. ಬೀಗ ಹಾಕಿ ಬಂದೋರಿಗಲ್ಲ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು. ಕಲ್ಲು ತಣ್ಣಗೆ ಕೊರೆಯುತ್ತಿತ್ತು. ಅತ್ತು ಮುಗಿಯುವವರೆಗೂ ಸಿದ್ದವ್ವ ಪಕ್ಕದಲ್ಲಿ ನಿಂತೇ ಇದ್ದರು.

"ಹೊಸ್ತಿಲ ಒಳಗೇ ಅವರ ಚಪ್ಪಲಿ ಇದೆ," ಎಂದಳು ವೇದವತಿ ಕೊನೆಗೆ. "ಅವತ್ತು ಬಿಟ್ಟ ಹಾಗೇ. ಬಾಗಿಲು ತೆಗೆದರೆ ಮೊದಲು ಕಾಣೋದೇ ಅದು. ಅದನ್ನ ಹೇಗೆ ದಾಟಲಿ?"

ಸಿದ್ದವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿದರು.

"ಮಗಳನ್ನ ಮುಂದ ಬಿಡು. ಆಕಿಗೆ ತನ್ನ ಚಪ್ಪಲಿ ಬಿಡಾಕ ಜಾಗ ಬೇಕಾಗತೈತಿ."