ಎಐ ಕೊಟ್ಟ ಪಟ್ಟಿ

ಮೈಸೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸುಧೀಂದ್ರ ಅಂತ ಒಬ್ಬರು ಮ್ಯಾನೇಜರು. ಬೆಳಿಗ್ಗೆ ಪೇಪರಿನಲ್ಲಿ ಏನು ಓದುತ್ತಾರೋ, ಹತ್ತು ಗಂಟೆಗೆ ಅದೇ ಆಫೀಸಿನ ಕಾನೂನು. ಅವತ್ತು ಓದಿದ್ದು, ಎಐ ಬಂದು ಅರ್ಧ ಜನರ ಕೆಲಸ ಹೋಗುತ್ತದೆ ಅಂತ.

“ನಾಗವೇಣಿ, ನಮ್ಮ ಟೀಮಿನಲ್ಲಿ ಯಾರ ಕೆಲಸ ಎಐ ಮಾಡಬಹುದು? ಸಂಜೆಯೊಳಗೆ ಪಟ್ಟಿ ಕೊಡಿ. ಮೇಲಿನವರಿಗೆ ಕಳಿಸಬೇಕು.”

ನಾಗವೇಣಿ ಅಲ್ಲಿ ಆರು ವರ್ಷದಿಂದ ಕೋಡ್ ಬರೆಯುವವಳು. ಜೊತೆಯವರ ಅನ್ನಕ್ಕೆ ತಾನೇ ಕಲ್ಲು ಹಾಕುವುದೇ?

“ಎಐಯನ್ನೇ ಕೇಳಿಬಿಡೋಣ ಸರ್” ಎಂದಳು. ಟೀಮಿನ ಒಬ್ಬೊಬ್ಬರೂ ದಿನವಿಡೀ ಏನು ಮಾಡುತ್ತಾರೆಂದು ಹೆಸರು ಹಾಕದೆ ಬರೆದು, ಸುಧೀಂದ್ರರ ಎದುರೇ ಅದಕ್ಕೆ ಕೊಟ್ಟಳು. ಯಾರನ್ನೂ ಬಿಡಲಿಲ್ಲ.

ಉತ್ತರ ಬಂತು: “ಒಬ್ಬರ ಕೆಲಸ ಇವತ್ತೇ ವಹಿಸಿಕೊಳ್ಳಬಲ್ಲೆ. ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿಕೊಂಡು ‘ಎಲ್ಲಿಗೆ ಬಂತು?’ ಎಂದು ಕೇಳುವುದು, ಕೇಳಿದ್ದನ್ನು ಮೇಲಿನವರಿಗೆ ಮೇಲ್ ಮಾಡುವುದು.”

ಸುಧೀಂದ್ರರ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತು.

“ಈ ಎಐ ಬಹಳ ತಪ್ಪು ಮಾಡುತ್ತದಂತೆ ಕಣ್ರೀ.”

“ಪೇಪರಿನಲ್ಲಿ ಬಂದಿತ್ತಾ ಸರ್?”

“ನಾಳೆ ಬರುತ್ತೆ. ಪಟ್ಟಿಯಲ್ಲಿ ಯಾರೂ ಇಲ್ಲ ಅಂತ ಬರೀರಿ.”

ಮಾರನೆಯ ಬೆಳಿಗ್ಗೆ ಎಲ್ಲರೂ ಎಂದಿನಂತೆ ಸಾಲಾಗಿ ನಿಂತರು. ಸುಧೀಂದ್ರ ಆರು ವರ್ಷದಲ್ಲಿ ಮೊದಲ ಸಲ ಬೇರೆ ಪ್ರಶ್ನೆ ಕೇಳಿದರು:

“ನಾನೇನಾದರೂ ಮಾಡಿಕೊಡಲಾ?”