'ಹೆದರಬೇಡಿ' ಎಂದು ಕೂಗಿದ ದಂಡು

"ಬುದ್ಧೀ, ನಾನು ಹೇಳುವುದೆಲ್ಲ ದಯೆಯ ಮಾತು. ಆದರೂ ಪ್ರವಚನ ಮುಗಿದ ಮೇಲೆ ಒಬ್ಬರೂ ನನ್ನ ಹತ್ತಿರ ಬರುವುದಿಲ್ಲ. ಏಕೆ?"

ಕೇಳಿದವನು ಮಠದ ಶಿಷ್ಯ ಅಡವಯ್ಯ. ಹೊಳೆಯಾಚೆಯ ಊರಿನಲ್ಲಿ ಹೊಸದಾಗಿ ಒಂದು ಮಠ ಕಟ್ಟಿದ್ದರು. ಅಲ್ಲಿಗೆ ಯಾರನ್ನು ಕಳಿಸುವುದೆಂದು ಗುರುಗಳು ಇನ್ನೂ ಬಾಯಿಬಿಟ್ಟಿರಲಿಲ್ಲ. ತನ್ನನ್ನೇ ಕಳಿಸಬೇಕೆಂಬುದು ಅಡವಯ್ಯನ ಆಸೆ. ಓದಿನಲ್ಲಿ ಅವನನ್ನು ಮೀರಿಸುವವರು ಮಠದಲ್ಲಿ ಇರಲಿಲ್ಲ. ಗಂಟಲಿನಲ್ಲಂತೂ ಇರಲೇ ಇಲ್ಲ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ನಾಡಿನ ಅರಸನಿಗೆ ಕಡಲಾಚೆಯ ದ್ವೀಪದಿಂದ ಕರೆ ಬಂತು. ಅಲ್ಲಿಯ ಜನ ತಮ್ಮತಮ್ಮಲ್ಲೇ ಹೊಡೆದಾಡಿಕೊಂಡಿದ್ದರು. ಬದುಕಿ ಉಳಿದವರು ಬಾಗಿಲಿಗೆ ಅಗುಳಿ ಹಾಕಿಕೊಂಡು ಒಳಗೇ ಕೂತಿದ್ದರು. ಅವರಿಗೆ ಕಾವಲಾಗಿ ನಿಲ್ಲಲು, ಅಕ್ಕಿ ತಲುಪಿಸಲು ಒಂದು ದಂಡು ಬೇಕಾಗಿತ್ತು. ಅರಸ ಕಾಲಾಳುಗಳ ಒಂದು ದಳವನ್ನು ಆರಿಸಿ, ಹಡಗು ಹೊರಡುವ ತನಕ ತಾಲೀಮು ಮಾಡಿಸೆಂದು ದಳಪತಿಗೆ ಒಪ್ಪಿಸಿದ.

ದಳಪತಿ ಕಡಲ ದಂಡೆಯಲ್ಲಿ ಬಿಡಾರ ಹೂಡಿದ. ಕಾಲಾಳುಗಳು ಸೊಂಟದ ಮಟ್ಟದ ನೀರಿನಲ್ಲಿ ದೋಣಿ ಇಳಿದರು, ಹತ್ತಿದರು. ಮೂಟೆ ಹೊತ್ತು ಮರಳಿನಲ್ಲಿ ನಡೆದರು. ಬಿದಿರು ತಟ್ಟಿಯಲ್ಲಿ ಒಂದು ಸುಳ್ಳು ಊರನ್ನೂ ಕಟ್ಟಿದರು. ಕೆಲವರು ಆ ಮನೆಗಳಲ್ಲಿ ದ್ವೀಪದ ಜನರಂತೆ ಕೂರಬೇಕು, ಉಳಿದವರು ಬಂದು ಬಾಗಿಲು ತೆರೆಸಬೇಕು. ದ್ವೀಪದ ಭಾಷೆ ಬಲ್ಲ ಒಬ್ಬ ವರ್ತಕ ಅವರಿಗೆ ಒಂದೇ ಒಂದು ಮಾತು ಕಲಿಸಿದ. 'ಹೆದರಬೇಡಿ' ಎನ್ನುವ ಮಾತು.

ದಂಡಿನವರಿಗೆ ಏನು ಕಲಿಸಿದರೂ ಅದು ಕವಾಯತಾಗಿಬಿಡುತ್ತದೆ. ಈ ಮಾತೂ ಹಾಗೇ ಆಯಿತು. ಸಾಲಾಗಿ ನಿಂತು, ಎದೆಯುಬ್ಬಿಸಿ, ಭರ್ಜಿಯ ಬುಡವನ್ನು ನೆಲಕ್ಕೆ ಕುಟ್ಟಿ, ಎಲ್ಲರೂ ಒಂದೇ ಕೊರಳಿನಲ್ಲಿ 'ಹೆದರಬೇಡಿ' ಎಂದು ಕೂಗುತ್ತಿದ್ದರು. ಆ ಕೂಗಿಗೆ ದಂಡೆಯ ಕಾಗೆಗಳೆಲ್ಲ ಎದ್ದು ಹಾರುತ್ತಿದ್ದವು. ಉಚ್ಚಾರಣೆ ಬಹಳ ಶುದ್ಧವಾಗಿದೆ ಎಂದು ವರ್ತಕ ಮೆಚ್ಚಿಕೊಂಡ.

ದಳದಲ್ಲಿ ಒಬ್ಬ ಕಾಲಾಳು ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದ. ದ್ವೀಪದಲ್ಲಿ ಮೊದಲು ಕಾಲಿಡುವವನು ತಾನಾಗಬೇಕು ಎಂಬುದು ಅವನ ಜೀವದ ಆಸೆ. ಮುಂದಿನ ಸಾಲು ತನ್ನದೇ ಎಂದು ಆಗಲೇ ಮೀಸೆ ತಿರುವಿಕೊಂಡು ಓಡಾಡುತ್ತಿದ್ದ. ಹಡಗು ಹೊರಡುವ ಹಿಂದಿನ ದಿನ, ತಟ್ಟಿಮನೆಯಲ್ಲಿ ಕೂರುತ್ತಿದ್ದವನೊಬ್ಬನಿಗೆ ಜ್ವರ ಬಂತು. ದಳಪತಿ ಇವನನ್ನು ಕರೆದು, "ಇವತ್ತು ನೀನು ಒಳಗೆ ಕೂರು" ಎಂದ. ಕಾಲಾಳಿಗೆ ಸಿಟ್ಟು ನೆತ್ತಿಗೇರಿತು. ಆದರೂ ಅಪ್ಪಣೆ ಅಪ್ಪಣೆಯೇ. ಮುಖ ಗಂಟು ಹಾಕಿಕೊಂಡು ಹೋಗಿ ಒಳಗೆ ಕೂತ.

ಒಳಗೆ ಕತ್ತಲೆ. ಹೊರಗೆ ಹೆಜ್ಜೆಗಳು ಹತ್ತಿರವಾದವು. ಬರುತ್ತಿರುವುದು ತನ್ನ ದಳವೇ ಎಂದು ಅವನಿಗೆ ಗೊತ್ತು. ಯಾರ ಹೆಜ್ಜೆ ಯಾವುದೆಂದೂ ಗೊತ್ತು. ಭರ್ಜಿಗಳು ನೆಲಕ್ಕೆ ಕುಟ್ಟಿದವು. ದಳಕ್ಕೆ ದಳವೇ 'ಹೆದರಬೇಡಿ' ಎಂದು ಕೂಗಿತು. ಅವನ ಎದೆ ಝಲ್ಲೆಂದಿತು. ಹೊರಗಿನವರು ಬಾಗಿಲು ತಳ್ಳಿ ನೋಡಿದಾಗ ಅವನು ಮೂಲೆಯಲ್ಲಿ ಮುದುರಿಕೊಂಡು ಎರಡೂ ಕೈಗಳನ್ನು ತಲೆಯ ಮೇಲೆ ಇಟ್ಟುಕೊಂಡಿದ್ದ.

ಎಲ್ಲರೂ ಗೊಳ್ಳೆಂದು ನಕ್ಕರು. ದಳಪತಿ ಮಾತ್ರ ನಗದೆ, "ಹೆದರಿದೆಯೇನೋ?" ಎಂದು ಕೇಳಿದ.

ಆ ದಂಡಿನಲ್ಲಿ ಒಂದು ಕಟ್ಟಳೆ ಇತ್ತು. ಹೆದರಿದೆ ಎಂದು ಒಪ್ಪಿಕೊಂಡವನನ್ನು ಹಡಗು ಹತ್ತಿಸುತ್ತಿರಲಿಲ್ಲ. ಇಲ್ಲ ಎಂದರೆ ಮುಂದಿನ ಸಾಲು, ಹೌದು ಎಂದರೆ ಮನೆಯ ದಾರಿ. ನಾಚಿಕೆಯಿಂದ ಕಾಲಾಳಿನ ಕಿವಿಗಳು ಬಿಸಿಯಾದವು. ಸುಳ್ಳು ತುದಿನಾಲಿಗೆಯವರೆಗೂ ಬಂತು. ಆದರೆ ಆ ಮೂಲೆಯಲ್ಲಿ ಕೂತು ಎದ್ದ ಮೇಲೆ ಅದನ್ನು ಆಡಲು ಅವನಿಂದ ಆಗಲಿಲ್ಲ.

"ಹೆದರಿದೆ, ಒಡೆಯಾ. ಮಾತಿನ ಅರ್ಥ ಗೊತ್ತಿದ್ದೂ ಹೆದರಿದೆ, ಬಂದವರು ಯಾರೆಂದು ಗೊತ್ತಿದ್ದೂ ಹೆದರಿದೆ. ದ್ವೀಪದವರಿಗೆ ನಾವು ಯಾರೆಂದೇ ಗೊತ್ತಿಲ್ಲವಲ್ಲ."

ದಳಪತಿ ತಾನೇ ತಟ್ಟಿಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು, "ಈಗ ಕೂಗಿ" ಎಂದ. ಕೂಗಿದರು. ಹೊರಗೆ ಬಂದವನ ಮುಖ ಬಿಳಿಚಿಕೊಂಡಿತ್ತು. ಕಟ್ಟಳೆಯ ಮಾತನ್ನು ಅವನು ಎತ್ತಲೇ ಇಲ್ಲ. ಎತ್ತಿದ್ದರೆ ತಾನೂ ದಂಡೆಯಲ್ಲೇ ಉಳಿಯಬೇಕಾಗುತ್ತಿತ್ತು. ಮರುದಿನ ಆ ಕಾಲಾಳು ಎಲ್ಲರಿಗಿಂತ ಮುಂದೆ ನಿಂತು ಹಡಗು ಹತ್ತಿದ.

ದ್ವೀಪದ ಮೊದಲನೆಯ ಮನೆಯ ಬಾಗಿಲು ಮುಚ್ಚಿತ್ತು. ಕಾಲಾಳು ಭರ್ಜಿಯನ್ನು ಬೇಲಿಗೆ ಒರಗಿಸಿಟ್ಟ. ಅಕ್ಕಿಯ ಮೂಟೆ ಇಳಿಸಿ, ಹೊಸ್ತಿಲಿನಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತ. ಕಲಿತ ಮಾತನ್ನು ಮೆಲ್ಲಗೆ ಹೇಳಿದ. ಒಳಗೆ ಸದ್ದಿಲ್ಲ. ಮತ್ತೆ ಹೇಳಿದ, ಅಷ್ಟೇ ಮೆಲ್ಲಗೆ. ಹಿಂದೆ ನಿಂತವರು ತಾಳ್ಮೆಗೆಟ್ಟು ಕಾಲು ಬದಲಿಸತೊಡಗಿದರು. ಅಷ್ಟರಲ್ಲಿ ಅಗುಳಿ ಸರಿಯಿತು. ಒಬ್ಬ ಮುದುಕಿ ಬಾಗಿಲನ್ನು ಒಂದಿಷ್ಟು ತೆರೆದು, ತಲೆ ಹೊರಗೆ ಹಾಕಿ, ಕಿವಿಗೆ ಕೈ ಹಚ್ಚಿ ಏನೋ ಕೇಳಿದಳು. ಅವಳ ಭಾಷೆ ಅವನಿಗೆ ಬರದು. ಆದರೂ ಅರ್ಥವಾಯಿತು: 'ಏನಂದೆ ಮಗಾ? ಕೇಳಿಸಲಿಲ್ಲ.'

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯ ಮನಸಾರೆ ನಕ್ಕ. ಅಂಗಳ ಗುಡಿಸುತ್ತಿದ್ದವರು ಆ ಸದ್ದಿಗೆ ಬೆಚ್ಚಿ ತಿರುಗಿ ನೋಡಿದರು.

"ಕತೆ ಚೆನ್ನಾಗಿದೆ ಬುದ್ಧೀ. ಆದರೆ ನನ್ನ ಕೈಯಲ್ಲಿ ಭರ್ಜಿ ಇಲ್ಲವಲ್ಲ!"

"ನಿನ್ನೆ ನಿನ್ನ ಪ್ರವಚನದಲ್ಲಿ ನಾನೂ ಕಂಬದ ಮರೆಯಲ್ಲಿ ಕೂತಿದ್ದೆ, ಅಡವಯ್ಯ. ನೀನು ದಯೆ ಅಂದಾಗಲೆಲ್ಲ ನನ್ನ ಎದೆಯೂ ಝಲ್ಲೆನ್ನುತ್ತಿತ್ತು."