ಪೂಜೆಗಿಟ್ಟ ಪುಸ್ತಕ

“ಗುರುಗಳೇ, ಮಕ್ಕಳು ಪುಸ್ತಕ ತೆಗೆದುಕೊಂಡು ಹೋಗುತ್ತಾರೆ, ತಂದುಕೊಡುತ್ತಾರೆ. ಅವರು ಓದಿದರೋ ಇಲ್ಲವೋ ಎಂದು ನನಗೆ ಹೇಗೆ ತಿಳಿಯಬೇಕು?”

ಕೇಳಿದವನು ಚಿದಂಬರ. ಆಶ್ರಮದ ಪ್ರಾಥಮಿಕ ಶಾಲೆಯಲ್ಲಿ ಪುಸ್ತಕದ ಕೋಣೆಯನ್ನು ನೋಡಿಕೊಳ್ಳುವ ಕೆಲಸವನ್ನು ಗುರುಗಳು ಈ ಶಿಷ್ಯನಿಗೆ ವಹಿಸಿದ್ದರು. ಕೋಣೆಯನ್ನು ಅವನು ಬಹಳ ಚೊಕ್ಕಟವಾಗಿ ಇಟ್ಟುಕೊಂಡಿದ್ದ.

“ಮಕ್ಕಳನ್ನೇ ಕೇಳಿದೆಯಾ?” ಎಂದರು ಗುರುಗಳು.

“ಕೇಳಿದೆ. ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ.”

ಗುರುಗಳು ನಕ್ಕರು. “ಮದುವೆಮನೆಯಲ್ಲಿ ಊಟ ಹೇಗಿತ್ತು ಎಂದು ಕೇಳಿದರೂ ಎಲ್ಲರೂ ಹಾಗೇ ಅನ್ನುತ್ತಾರೆ, ಮಹಾರಾಯ. ಕೂತುಕೋ, ಒಂದು ಕತೆ ಹೇಳುತ್ತೇನೆ,” ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಮೇಷ್ಟ್ರಿದ್ದ. ಅವನಿಗೆ ಪುಸ್ತಕದ ಹುಚ್ಚು. ಪೇಟೆಗೆ ಹೋದಾಗಲೆಲ್ಲ ಕಂಡಕಂಡವರ ಮನೆ ಬಾಗಿಲು ತಟ್ಟಿ, ನಿಮ್ಮ ಮಕ್ಕಳು ಓದಿ ಬಿಟ್ಟ ಕತೆ ಪುಸ್ತಕ ಇದ್ದರೆ ಕೊಡಿ ಎಂದು ಬೇಡಿ ತರುತ್ತಿದ್ದ. ನಾಚಿಕೆ ಆಗುವುದಿಲ್ಲವೇ ಎಂದು ಕೇಳಿದವರೂ ಉಂಟು. ತನಗಾಗಿ ಬೇಡುವವನಿಗಲ್ಲವೇ ನಾಚಿಕೆ? ಶಾಲೆಯಲ್ಲಿ ಇದ್ದದ್ದು ಒಂದೇ ಕೋಣೆ, ಪುಸ್ತಕ ಇಡಲು ಜಾಗವಿರಲಿಲ್ಲ. ಪಕ್ಕದಲ್ಲೇ ಒಬ್ಬ ವ್ಯಾಪಾರಿಯ ಕೋಣೆ ಖಾಲಿ ಬಿದ್ದಿತ್ತು. ಮೇಷ್ಟ್ರು ಅವನ ಬೆನ್ನುಬಿದ್ದು, ಕಾಡಿ ಬೇಡಿ, ಕೋಣೆಯ ಬೀಗದ ಕೈ ಇಸಿದುಕೊಂಡ. ಗೋಡೆಗೆ ಹಲಗೆ ಹೊಡೆಸಿ ಪುಸ್ತಕ ಜೋಡಿಸಿದ. ಬನ್ನಿ ಮಕ್ಕಳೇ ಎಂದು ಕರೆದ.

ಮಕ್ಕಳು ಬಂದರು. ಚಿತ್ರ ನೋಡಿದರು, ಹೋದರು. ಮೇಷ್ಟ್ರು ಆಸೆ ತೋರಿಸಿದ. ಪುಸ್ತಕ ಓದಿದವರಿಗೆಲ್ಲ ಒಂದು ಚೂರು ಬೆಲ್ಲ! ಮಾರನೆಯ ದಿನವೇ ಅರ್ಧ ಶಾಲೆ ಓದಿ ಮುಗಿಸಿ ಬಂತು. ಅದರೊಳಗೆ ಏನಿದೆಯಪ್ಪ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು “ಚೆನ್ನಾಗಿದೆ ಸಾ” ಎಂದರು. ಬೆಲ್ಲ ಮುಗಿಯಿತು, ಓದೂ ಮುಗಿಯಿತು.

ಅಷ್ಟರಲ್ಲಿ ಕಡಲೆಕಾಯಿ ಕೀಳುವ ಕಾಲ ಹತ್ತಿರ ಬಂತು. ವ್ಯಾಪಾರಿಗೆ ಚೀಲ ಇಡಲು ಜಾಗ ಬೇಕಾಯಿತು. ಅವನು ಕೆಟ್ಟವನೇನಲ್ಲ. ಇಟ್ಟ ಜಾಗದಲ್ಲಿ ಏನಾದರೂ ಬೆಳೆಯಬೇಕು, ಇಲ್ಲದಿದ್ದರೆ ಜಾಗ ಬಿಡಬೇಕು ಎನ್ನುವ ಜಾತಿ. ಬಂದವನೇ ಬಾಗಿಲಲ್ಲಿ ನಿಂತು ಹೇಳಿದ:

“ಮೇಷ್ಟ್ರೇ, ನೀವು ಕೋಣನ ಮುಂದೆ ಕಿನ್ನರಿ ಬಾರಿಸ್ತಾ ಇದ್ದೀರಿ. ಈ ಊರಲ್ಲಿ ನಿಜವಾಗಿ ಪುಸ್ತಕ ಓದೋ ಮಗು ಒಂದನ್ನ ತೋರಿಸಿ, ಸಾಕು. ಕೋಣೆ ನಿಮ್ಮದೇ. ಇಲ್ಲಾಂದ್ರೆ ದಸರಾ ಮುಗಿದ ಮಾರನೇ ದಿನ ನನ್ನ ಚೀಲ ಒಳಗೆ ಬರ್ತವೆ.”

ಮೇಷ್ಟ್ರು ಯಾರನ್ನು ತೋರಿಸುತ್ತಾನೆ? ಶಾಲೆಗೇ ಜಾಣನೆನಿಸಿಕೊಂಡ ಹುಡುಗನನ್ನು ವ್ಯಾಪಾರಿಯ ಮುಂದೆ ನಿಲ್ಲಿಸಿ, ಓದಿದ ಕತೆ ಹೇಳಪ್ಪಾ ಎಂದ. ಹುಡುಗ ವ್ಯಾಪಾರಿಯ ಮೀಸೆಯನ್ನೊಮ್ಮೆ ನೋಡಿದ. ಕಣ್ಣು ಮುಚ್ಚಿಕೊಂಡು ಹದಿನಾರರ ಮಗ್ಗಿ ಒಪ್ಪಿಸಿಬಿಟ್ಟ. ವ್ಯಾಪಾರಿ ನಗುತ್ತಾ ಎದ್ದುಹೋದ. ಮೇಷ್ಟ್ರಿಗೆ ಅಂದು ಊಟ ಸೇರಲಿಲ್ಲ.

ನವರಾತ್ರಿಯಲ್ಲಿ ಸರಸ್ವತಿ ಪೂಜೆಯ ದಿನ ಬಂತು. ಆ ದಿನ ಪುಸ್ತಕಗಳನ್ನೆಲ್ಲ ಮಣೆಯ ಮೇಲಿಟ್ಟು ಪೂಜೆ ಮಾಡುತ್ತಾರೆ. ಒಮ್ಮೆ ಇಟ್ಟರೆ ವಿಜಯದಶಮಿಗೆ ಎತ್ತುವ ತನಕ ಮುಟ್ಟುವಂತಿಲ್ಲ, ಓದುವಂತಿಲ್ಲ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಹಬ್ಬ ಇನ್ನೊಂದಿದೆಯೇ? ಓದು ಓದು ಎಂದು ಪ್ರಾಣ ತಿನ್ನುವ ದೊಡ್ಡವರ ಬಾಯಿಗೆ ದೇವಿಯೇ ಬೀಗ ಜಡಿದ ಹಾಗೆ. ಕುಣಿದುಕೊಂಡು ಬಂದು ಪುಸ್ತಕ ಒಪ್ಪಿಸಿದರು. ಕೆಲವರಂತೂ ಪಕ್ಕದವರದನ್ನೂ ಕಸಿದು ಮಣೆಯ ಮೇಲಿಟ್ಟರು. ಪುಸ್ತಕದ ಕೋಣೆಯಲ್ಲೇ ಪೂಜೆ. ಕೋಣೆಯ ಒಡೆಯನೆಂದು ವ್ಯಾಪಾರಿಯೇ ಯಜಮಾನ. ಅವನು ಮಡಿಯುಟ್ಟು ನಿಂತಿದ್ದ, ಊರವರೂ ನೆರೆದಿದ್ದರು.

ಒಬ್ಬಳು ಮಾತ್ರ ಪುಸ್ತಕ ಕೊಡಲಿಲ್ಲ. ಅವಳು ಬಡಗಿಯ ಮಗಳು. ಹೇಳಿಕೊಳ್ಳುವಂಥ ಜಾಣೆಯೇನಲ್ಲ. ಬೆಲ್ಲ ಹಂಚಿದ ದಿನವೂ ಮುಂದೆ ಬಂದವಳಲ್ಲ. ಕತೆ ಪುಸ್ತಕವನ್ನು ಬೆನ್ನ ಹಿಂದೆ ಹಿಡಿದುಕೊಂಡು ಗೋಡೆಗೆ ಒತ್ತಿ ನಿಂತಿದ್ದಳು.

“ಕೊಡಮ್ಮ,” ಎಂದ ಮೇಷ್ಟ್ರು.

“ಇನ್ನು ಸ್ವಲ್ಪವೇ ಐತೆ ಸಾ,” ಎಂದಳು.

ವ್ಯಾಪಾರಿ ಹುಬ್ಬು ಗಂಟಿಕ್ಕಿ ನೋಡುತ್ತಿದ್ದ. ಮೇಷ್ಟ್ರಿಗೆ ಕೋಣೆಯ ಚಿಂತೆ. ಈ ಮನುಷ್ಯನನ್ನು ಇವತ್ತು ಎದುರು ಹಾಕಿಕೊಂಡರೆ ಇರುವ ಒಂದಿಷ್ಟು ಆಸೆಯೂ ಹೋಯಿತು. ದೇವಿಗೆ ಕೊಡದಿದ್ದರೆ ವಿದ್ಯೆ ಹತ್ತುವುದಿಲ್ಲ ಕಣಮ್ಮ ಎಂದು ಅವಳ ಕೈಯಿಂದ ಪುಸ್ತಕ ಬಿಡಿಸಿಕೊಂಡ. ಹುಡುಗಿಯ ಕಣ್ಣಲ್ಲಿ ನೀರು ಬಂತು. ತಾನು ಆಡಿದ ಮಾತು ತನಗೇ ಹಿಡಿಸದೆ ಮೇಷ್ಟ್ರು ಆ ಕಡೆ ತಿರುಗಿಕೊಂಡ.

ಪೂಜೆಯಾಯಿತು. ಮಂಗಳಾರತಿಯಾಯಿತು. ವ್ಯಾಪಾರಿ ತಟ್ಟೆ ಹಿಡಿದು ಎಲ್ಲರಿಗೂ ಆರತಿ ಕೊಡುತ್ತಾ ಬಂದ. ಮಣೆಯ ಹಿಂದೆ ಏನೋ ಸರಕ್ಕೆಂದಿತು. ಬಗ್ಗಿ ನೋಡಿದರೆ ಬಡಗಿಯ ಮಗಳು! ಹೂವು ಸರಿಸಿ ತನ್ನ ಪುಸ್ತಕವನ್ನು ಎಳೆದುಕೊಂಡು, ಮೊಣಕಾಲ ಮೇಲಿಟ್ಟು, ಬೆರಳಿಟ್ಟುಕೊಂಡು ಓದುತ್ತಿದ್ದಾಳೆ. ಹಾಳೆಗೆಲ್ಲ ಕುಂಕುಮ ಹತ್ತಿದೆ.

“ಅಪಚಾರ! ಅಪಚಾರ!” ಎಂದು ಗುಲ್ಲೆದ್ದಿತು. ಹೆಂಗಸರು ಕೆನ್ನೆ ಕೆನ್ನೆ ಬಡಿದುಕೊಂಡರು. ವ್ಯಾಪಾರಿ ಕೆಂಡವಾಗಿ ಅವಳತ್ತ ನುಗ್ಗಿದ. ಹುಡುಗಿ ತಲೆ ಎತ್ತಲಿಲ್ಲ. ಒಂದು ಕೈಯನ್ನು ಅಡ್ಡ ಹಿಡಿದಳು.

“ತಾಳಿ ಯಜಮಾನ್ರೇ! ಅಜ್ಜಿ ಹೊಳೆ ಮಧ್ಯೆ ನಿಂತವ್ಳೆ. ನೀರು ಕುತ್ತಿಗೆಗೆ ಬಂದೈತೆ.”

“ಯಾವ ಅಜ್ಜಿ?” ವ್ಯಾಪಾರಿ ಗಾಬರಿಯಾಗಿ ಬಾಗಿಲ ಕಡೆ ತಿರುಗಿದ. ಹಿಂದೆ ನಿಂತಿದ್ದ ಇಬ್ಬರು ಹೊಳೆಗೆ ಓಡಲು ಪಂಚೆ ಎತ್ತಿ ಕಟ್ಟಿಯೇಬಿಟ್ಟರು.

“ಪುಸ್ತಕದೊಳಗಿನ ಅಜ್ಜಿ,” ಎಂದ ಮೇಷ್ಟ್ರು.

ವ್ಯಾಪಾರಿಗೆ ಅವಮಾನವಾಯಿತು, ಸಿಟ್ಟು ಇಮ್ಮಡಿಯಾಯಿತು. “ಕಿತ್ಕೊಳ್ಳಿ ಮೇಷ್ಟ್ರೇ ಆ ಪುಸ್ತಕಾನ!” ಎಂದು ಗದರಿದ.

ಮೇಷ್ಟ್ರು ಮುಂದೆ ಬಂದ. ಪುಸ್ತಕಕ್ಕೆ ಕೈ ಹಾಕಲಿಲ್ಲ. ಹುಡುಗಿಗೂ ವ್ಯಾಪಾರಿಗೂ ನಡುವೆ ನಿಂತುಕೊಂಡ. ಹೆಮ್ಮೆಯಿಂದ ಅವನ ಎದೆ ಎಷ್ಟು ಉಬ್ಬಿತ್ತೆಂದರೆ, ಮನೆ ಮನೆ ಬಾಗಿಲು ತಟ್ಟಿ ಬೇಡಿದ ಮನುಷ್ಯ ಇವನೇನಾ ಎನ್ನಬೇಕು.

“ಒಂದು ಸಲ ಕಿತ್ಕೊಂಡು ತಪ್ಪು ಮಾಡಿದೆ, ಯಜಮಾನ್ರೇ. ಇನ್ನೊಂದು ಸಲ ಮಾಡೋದಿಲ್ಲ. ಓದೋ ಮಗು ಒಂದನ್ನ ತೋರಿಸಿ ಅಂದಿದ್ರಿ. ನೋಡಿ, ಇಲ್ಲಿ ಕೂತಿದೆ. ಬೆಲ್ಲಕ್ಕೆ ಓದ್ತಾ ಇಲ್ಲ, ನನಗೆ ಹೆದರಿ ಓದ್ತಾ ಇಲ್ಲ, ನಿಮಗಂತೂ ಹೆದರೇ ಇಲ್ಲ. ಕೋಣೆ ಬೇಕಿದ್ರೆ ಇವತ್ತೇ ತಗೊಳ್ಳಿ. ಈ ಮಗು ಓದಿ ಮುಗಿಸೋ ತನಕ ಮಾತ್ರ ಯಾರೂ ಮಾತಾಡಬೇಡಿ.”

ಹುಡುಗಿ ಓದುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು. ವ್ಯಾಪಾರಿ ಆರತಿ ತಟ್ಟೆ ಹಿಡಿದುಕೊಂಡೇ ನಿಂತಿದ್ದ. ಹೋಗಲಾರ, ಇರಲಾರ. ಅವನಿಗೂ ಒಂದು ಸಂಕಟ ಶುರುವಾಗಿತ್ತು. ಕೊನೆಗೆ ತಡೆಯಲಾರದೆ ಕುಕ್ಕರಗಾಲಲ್ಲಿ ಕೂತು, ಯಾರಿಗೂ ಕೇಳಿಸದ ಹಾಗೆ ಕೇಳಿದ: “ದಾಟಿದ್ಲೇನೇ?”

“ಇನ್ನೂ ಇಲ್ಲ. ಮೇಕೆಮರೀನ ತಲೆ ಮೇಲೆ ಹೊತ್ಕೊಂಡವ್ಳೆ.”

“ಗಟ್ಟಿಯಾಗಿ ಓದು, ಎಲ್ಲರೂ ಕೇಳಲಿ.”

ಹುಡುಗಿ ಗಟ್ಟಿಯಾಗಿ ಓದಿದಳು. ಅಲ್ಲಲ್ಲಿ ತಡವರಿಸಿದಳು, ಒತ್ತಕ್ಷರ ಬಂದಲ್ಲಿ ನಿಂತು ದಮ್ಮು ಕಟ್ಟಿ ಮುಂದೆ ಹೋದಳು. ಕೆನ್ನೆ ಬಡಿದುಕೊಂಡಿದ್ದ ಹೆಂಗಸರು ಅಲ್ಲೇ ಕೂತರು. ಪಂಚೆ ಎತ್ತಿ ಕಟ್ಟಿದ್ದವರು ಇಳಿಬಿಡುವುದನ್ನು ಮರೆತರು. ಪ್ರಸಾದ ಆರಿತು, ಯಾರಿಗೂ ಬೇಕಾಗಲಿಲ್ಲ. ಅಜ್ಜಿ ಆಚೆ ದಡದ ಬೇರು ಹಿಡಿದಾಗ ವ್ಯಾಪಾರಿ “ಅಬ್ಬಾ!” ಎಂದು ಉಸಿರು ಬಿಟ್ಟ.

ಕೋಣೆಯ ಮಾತನ್ನು ಆಮೇಲೆ ಅವನೂ ಎತ್ತಲಿಲ್ಲ, ಮೇಷ್ಟ್ರೂ ಎತ್ತಲಿಲ್ಲ. ಕಡಲೆಕಾಯಿ ಚೀಲಗಳನ್ನು ವ್ಯಾಪಾರಿ ತನ್ನ ಮನೆಯ ಪಡಸಾಲೆಯಲ್ಲೇ ಒಟ್ಟಿಕೊಂಡ. ಓಡಾಡಲು ಜಾಗವಿಲ್ಲವೆಂದು ಹೆಂಡತಿಯ ಕೈಯಲ್ಲಿ ಸುಗ್ಗಿ ಮುಗಿಯುವವರೆಗೂ ಬೈಸಿಕೊಂಡ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಚಿದಂಬರನ ಮುಖ ಅರಳಿತ್ತು. ಆದರೂ ಅವನಿಗೆ ಒಂದು ಅನುಮಾನ ಉಳಿದಿತ್ತು.

“ಕತೆ ಚೆನ್ನಾಗಿದೆ, ಗುರುಗಳೇ. ಆದರೆ ಎಷ್ಟಾದರೂ ಅದು ದೇವಿಯ ಮುಂದಿಟ್ಟ ಪುಸ್ತಕ. ಹುಡುಗಿ ಮಾಡಿದ್ದು ಅಪಚಾರವೇ ಅಲ್ಲವೇ?”

“ಅಪಚಾರವೇ,” ಎಂದರು ಗುರುಗಳು. “ಅಂಥದ್ದೊಂದು ಅಪಚಾರ ನಿನ್ನ ಶಾಲೆಯಲ್ಲಿ ಯಾವತ್ತು ಆಗುತ್ತದೆ, ಹೇಳು.”